ಬೀರುವಿಗೆ ಕಾವಲು ಕೂತ ಮಾವ

ಎರಡು ತಿಂಗಳಲ್ಲಿ ಮೂರು ಬೀರುಗಳು ಮೂಲೆ ಜಜ್ಜಿಸಿಕೊಂಡೇ ಗಿರಾಕಿಗಳ ಮನೆ ತಲುಪಿದವು. ನಮ್ಮದು ಮರಗೆಲಸದ ಮನೆ. ನನ್ನ ಗಂಡ ಬೀರು, ಮಂಚ ಮಾಡುತ್ತಾರೆ. ಉಪ್ಪುಕಾಗದದಿಂದ ಉಜ್ಜಿ ಪಾಲಿಶ್ ಹಚ್ಚುವುದು ನನ್ನ ಪಾಲಿನ ಕೆಲಸ. ಮುಖ ಕಾಣುವ ಹಾಗೆ ಹೊಳೆಯುತ್ತಾ ನಮ್ಮ ಅಂಗಳದಿಂದ ಹೊರಟ ಬೀರು, ಅಲ್ಲಿ ಇಳಿಸುವಾಗ ಏಟು ತಿಂದಿರುತ್ತಿತ್ತು. ಅದೂ ಪ್ರತಿ ಸಲ ಒಂದೇ ಕಡೆ, ಡ್ರೈವರ್ ಕೂರುವ ಕ್ಯಾಬಿನ್ ಕಡೆಯ ಮೂಲೆಗೆ.

"ಇದು ತಾನಾಗೇ ಆಗೋ ಕೆಲಸ ಅಲ್ಲ. ಯಾರೋ ಬೇಕಂತ ಮಾಡ್ತಿರೋದು," ಎಂದರು ನನ್ನ ಗಂಡ.

ಆ 'ಯಾರೋ' ಯಾರೆಂದು ನನಗೆ ಗೊತ್ತಿತ್ತು. ನಮ್ಮ ಸಾಮಾನು ಸಾಗಿಸುವ ಪಿಕಪ್ ಗಾಡಿಯ ಡ್ರೈವರಮ್ಮ. ಬೀದಿಯ ಕೊನೆಯಲ್ಲಿ ಇನ್ನೊಂದು ಮರಗೆಲಸದ ಅಂಗಡಿಯಿದೆ. ಅವರಿಗೂ ನಮಗೂ ಅಷ್ಟಕ್ಕಷ್ಟೆ. ಅವಳ ಗಾಡಿ ಅಲ್ಲಿ ಅರ್ಧ ಗಂಟೆ ನಿಂತಿದ್ದನ್ನು ಇವರು ಕಣ್ಣಾರೆ ನೋಡಿದ್ದರು. ಅಷ್ಟು ಸಾಕಾಯಿತು. ಸುಳ್ಳೇಕೆ ಹೇಳಲಿ, ನನಗೂ ಒಳಗೊಳಗೇ ಅನುಮಾನ ಕೊರೆಯುತ್ತಿತ್ತು.

ಅದರ ಮೇಲೆ ಅವಳದು ಯಾವಾಗಲೂ ಒಂದೇ ರಾಗ. "ಅಕ್ಕ, ಬೀರನ್ನ ಬಿಗಿಯಾಗಿ ಕಟ್ಟಿಸಿ." ಕಟ್ಟಿದರೆ ಹೊಸ ಪಾಲಿಶಿನ ಮೇಲೆ ಹಗ್ಗದ ಗೆರೆ ಬೀಳುತ್ತದೆ. ಮಾವನ ಕಾಲದಿಂದಲೂ ನಾವು ಬೀರುವಿಗೆ ಹಗ್ಗ ಮುಟ್ಟಿಸಿದವರಲ್ಲ. ಕಂಬಳಿ ಹೊದಿಸಿ ಕಳಿಸುತ್ತೇವೆ, ಅಷ್ಟೇ.

"ಮೂಲೆ ಆಯ್ತು, ಈಗ ಪಾಲಿಶೂ ಕೆಡಿಸಬೇಕಂತೆ ಅವಳಿಗೆ," ಎಂದು ಇವರು ಗೊಣಗಿದರು.

ಕೊನೆಗೆ ಎಪ್ಪತ್ತು ದಾಟಿದ ನನ್ನ ಮಾವ ತೀರ್ಮಾನ ಕೊಟ್ಟರು. "ನಾನೇ ಹಿಂದೆ ಕೂತು ಬೀರು ಹಿಡ್ಕೊಂಡು ಹೋಗ್ತೀನಿ. ಏನು ಮಾಡ್ತಾಳೋ ನೋಡೇ ಬಿಡೋಣ."

ಮಾರನೆಯ ಬೆಳಿಗ್ಗೆ ನಾಲ್ಕು ಜನ ಸೇರಿ ಹೊಸ ಬೀರನ್ನು ಗಾಡಿಗೆ ಏರಿಸಿದರು. ಮಾವ ಟೋಪಿ ಹಾಕಿಕೊಂಡು ಹಿಂದೆ ಹತ್ತಿದರು. ಕ್ಯಾಬಿನ್‌ಗೂ ಬೀರುವಿಗೂ ನಡುವೆ ಇದ್ದ ಜಾಗದಲ್ಲಿ ಮಣೆ ಹಾಕಿ, ಬೆನ್ನನ್ನು ಕ್ಯಾಬಿನ್‌ಗೆ ಕೊಟ್ಟು, ಎರಡೂ ಅಂಗೈಯನ್ನು ಬೀರುವಿಗೆ ಒತ್ತಿ ಕೂತರು. ಡ್ರೈವರಮ್ಮ ಬಂದು ಒಂದು ನಿಮಿಷ ನೋಡಿದಳು. ಆಮೇಲೆ ಗಾಡಿಯ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡಳು.

"ತಾತ ಇಳೀಲಿ. ಇಲ್ಲಾಂದ್ರೆ ಗಾಡಿ ಹೊರಡಲ್ಲ."

"ನೋಡಿದ್ಯಾ?" ಎಂದು ಇವರು ನನ್ನ ಕಡೆ ತಿರುಗಿದರು. "ಕಾವಲು ಇದ್ರೆ ಆಟ ನಡೆಯಲ್ಲ ಅಂತ ಈ ನಾಟಕ."

ಅವಳಿಗೆ ಅದು ಕೇಳಿಸಿತು. "ಅನುಮಾನ ನನ್ನ ಮೇಲೆ ಅಂತ ಗೊತ್ತಣ್ಣ. ಬನ್ನಿ, ನಿಮ್ಮ ತಳ್ಳುಗಾಡೀಲೇ ನೋಡೋಣ. ಮೇಲೆ ಒಂದು ಮರದ ತುಂಡು ಇಡಿ. ನೀವೇ ತಳ್ಳಿ, ನೀವೇ ಗಕ್ಕನೆ ನಿಲ್ಲಿಸಿ."

ಇವರು ಸುಮ್ಮನೆ ಇಡುವವರಲ್ಲ. ಎಲ್ಲಿ ಎಣ್ಣೆ ಸವರಿದ್ದಾಳೋ ಎಂದು ತಳ್ಳುಗಾಡಿಯ ಹಲಗೆಯನ್ನು ಬಟ್ಟೆಯಿಂದ ಒರೆಸಿ, ಬೆರಳಾಡಿಸಿ ನೋಡಿದರು. ಆಮೇಲೆ ತುಂಡು ಇಟ್ಟು ತಳ್ಳಿ, ಗಕ್ಕನೆ ನಿಲ್ಲಿಸಿದರು. ತಳ್ಳುಗಾಡಿ ನಿಂತಿತು, ತುಂಡು ನಿಲ್ಲಲಿಲ್ಲ. ಜಾರಿಕೊಂಡು ಮುಂದೆ ಹೋಗಿ ನೆಲಕ್ಕೆ ಬಿತ್ತು.

"ಯಾರು ತಳ್ಳಿದ್ದು ಅದನ್ನ?" ಎಂದು ಕೇಳಿದಳು.

ಇವರು ತಳ್ಳುಗಾಡಿಯ ಕೆಳಗೆ ಬಗ್ಗಿ ನೋಡಿದರು. ನನಗೆ ನಗು ತಡೆಯಲಾಗಲಿಲ್ಲ.

"ಯಾರೂ ತಳ್ಳಿಲ್ಲ ಅಣ್ಣ. ವಸ್ತುಗಳಿಗೆ ಒಂದು ಹಠ ಇರುತ್ತೆ. ನಿಂತಿದ್ರೆ ನಿಂತೇ ಇರ್ತೀನಿ ಅನ್ನುತ್ತೆ, ಓಡ್ತಿದ್ರೆ ಅದೇ ದಾರೀಲಿ ಓಡ್ತಾನೇ ಇರ್ತೀನಿ ಅನ್ನುತ್ತೆ. ಹೊರಗಿಂದ ಒಂದು ಬಲ ಬಂದು ತಡೆಯೋ ತನಕ ಬಿಡಲ್ಲ. ಶಾಲೇಲಿ ಇದಕ್ಕೆ ಜಡತ್ವ ಅಂತಾರೆ. ಬ್ರೇಕ್ ಹಿಡಿಯೋದು ಚಕ್ರಾನ. ಬೀರನ್ನ ಯಾರು ಹಿಡೀತಾರೆ?"

"ಏನೋ ಮಾತಿನ ಮೋಡಿ," ಎಂದರು ಇವರು.

"ಸರಿ, ಸುತ್ತಿಗೆ ತಲೆ ಸಡಿಲ ಆದ್ರೆ ಏನು ಮಾಡ್ತೀರಿ?"

"ಹಿಡಿಯ ಬುಡಾನ ನೆಲಕ್ಕೆ ಕುಟ್ತೀನಿ. ತಲೆ ಬಿಗಿಯಾಗುತ್ತೆ."

"ಯಾಕೆ ಆಗುತ್ತೆ? ನೆಲಕ್ಕೆ ತಾಗಿ ಹಿಡಿ ನಿಂತುಬಿಡುತ್ತೆ. ತಲೆ ಮಾತ್ರ ಕೆಳಗೆ ಹೋಗ್ತಾನೇ ಇರುತ್ತೆ."

ಇವರು ಪಕ್ಕದಲ್ಲಿದ್ದ ಸುತ್ತಿಗೆ ಎತ್ತಿ, ಅದರ ತಲೆ ತಿರುಗಿಸಿ ನೋಡಿದರು. ದಿನಾ ಮಾಡುವ ಕೆಲಸ, ಒಂದು ದಿನವೂ ಯಾಕೆ ಎಂದು ಕೇಳಿಕೊಂಡಿರಲಿಲ್ಲ. ಆದರೆ ಗಾಡಿಯ ಮೇಲಿಂದ ಮಾವ ಬಿಡಲಿಲ್ಲ.

"ಆ ತುಂಡು ಹಗುರ, ಜಾರುತ್ತೆ. ಬೀರು ಭಾರ. ಭಾರ ಇರೋದು ಕೂತ ಜಾಗ ಬಿಟ್ಟು ಅಲ್ಲಾಡಲ್ಲ. ನಲವತ್ತು ವರ್ಷದಿಂದ ಮರದ ಜೊತೆ ಬದುಕಿದ್ದೀನಿ, ನನಗೆ ಹೇಳ್ಕೊಡ್ತಾಳೆ."

"ಭಾರ ಜಾಸ್ತಿ ಆದಷ್ಟೂ ಹಠ ಜಾಸ್ತಿ ತಾತ. ಹೊರಡಿಸೋದೂ ಕಷ್ಟ, ಹೊರಟಮೇಲೆ ನಿಲ್ಲಿಸೋದೂ ಕಷ್ಟ. ನಾಲ್ಕು ಜನ ಎತ್ತಿದ ಬೀರನ್ನ ನೀವೊಬ್ರೇ ಎರಡು ಕೈಲಿ ತಡೀತೀರಾ?"

"ತೋರಿಸು ಮತ್ತೆ," ಎಂದು ಸವಾಲು ಹಾಕಿ ಮಾವ ಗಾಡಿಯಿಂದ ಇಳಿದರು.

ಹೊಸ ಬೀರು ಇಳಿಸಿ, ಗಿರಾಕಿ ವಾಪಸು ಕಳಿಸಿದ್ದ ಹಳೆಯದನ್ನು ಏರಿಸಿದೆವು. ಮಾವ ಕೂತಿದ್ದ ಜಾಗದಲ್ಲಿ ಗರಗಸದ ಹೊಟ್ಟು ತುಂಬಿದ ಮೂಟೆ ಇಟ್ಟೆವು. ಮಾವ ಕುಚೋದ್ಯಕ್ಕೆ ತಮ್ಮ ಟೋಪಿಯನ್ನೇ ಅದರ ತಲೆಗೆ ಹಾಕಿದರು. "ಹುಷಾರಾಗಿ ಹಿಡ್ಕೊಳಪ್ಪ," ಎಂದು ಮೂಟೆಯ ಬೆನ್ನು ಬೇರೆ ತಟ್ಟಿದರು.

ಡ್ರೈವರಮ್ಮ ಬೀದಿ ಖಾಲಿ ಇದೆಯೇ ಎಂದು ನೋಡಿ, ನಮ್ಮನ್ನೆಲ್ಲ ದೂರ ನಿಲ್ಲಿಸಿದಳು. ಸೈಕಲ್ ಓಡುವಷ್ಟು ವೇಗದಲ್ಲಿ ಹೋಗಿ ಬ್ರೇಕ್ ಹಾಕಿದಳು. ಗಾಡಿ ನಿಂತಿತು. ಬೀರು ಮುಂದೆ ಜಾರಿ ದಢಾರನೆ ಕ್ಯಾಬಿನ್‌ಗೆ ಬಡಿಯಿತು.

ಓಡಿ ಹೋಗಿ ನೋಡಿದೆವು. ಮೂಟೆ ಒಡೆದು ಹೊಟ್ಟು ಗಾಡಿಯ ಸಂದಿಯಿಂದ ರಸ್ತೆಗೆ ಸುರಿಯುತ್ತಿತ್ತು. ಮಾವನ ಟೋಪಿ ಬೀರುವಿಗೂ ಕ್ಯಾಬಿನ್‌ಗೂ ನಡುವೆ ಸಿಕ್ಕಿಕೊಂಡಿತ್ತು. ಇವರು ಎಳೆದರು, ಬರಲಿಲ್ಲ. ಇಬ್ಬರು ಬೀರನ್ನು ಹಿಂದಕ್ಕೆ ತಳ್ಳಿದ ಮೇಲೆ ಬಂತು. ಅದನ್ನು ಕೈಯಲ್ಲಿ ಹಿಡಿದುಕೊಂಡು ಇವರು ತಮ್ಮ ಅಪ್ಪನ ಮುಖವನ್ನೇ ನೋಡುತ್ತಾ ನಿಂತರು. ಮಾವ ಹೋಗಿ ಜಗಲಿಯ ಮೇಲೆ ಕೂತುಬಿಟ್ಟರು.

"ಇನ್ನೊಂದು ಅನುಮಾನ," ಎಂದರು ಇವರು, ಈ ಸಲ ಮೆತ್ತಗೆ. "ಆ ಅಂಗಡಿ ಮುಂದೆ ಯಾಕೆ ನಿಂತಿದ್ದೆ?"

"ಪಾಲಿಶ್ ಕೆಡದ ಹಾಗೆ ಅವರು ಹೇಗೆ ಕಟ್ತಾರೆ ಅಂತ ಕೇಳೋಕೆ. ನೀವು ನನ್ನ ಮಾತು ಎಲ್ಲಿ ಕೇಳ್ತಿದ್ರಿ?" ಎಂದು ಸೀಟಿನ ಹಿಂದಿನಿಂದ ಅಗಲವಾದ ಬಟ್ಟೆಯ ಪಟ್ಟಿಗಳನ್ನು ತೆಗೆದಳು.

ನಮ್ಮ ಕೈಲಿ ಹೊಸ ಬೀರನ್ನು ಮತ್ತೆ ಏರಿಸಿ, ಕ್ಯಾಬಿನ್‌ಗೆ ಆನಿಸಿ ನಿಲ್ಲಿಸಿದಳು, ಜಾರಲು ಸಂದಿಯೇ ಇಲ್ಲದ ಹಾಗೆ. ಮೂಲೆಗಳಿಗೆ ಮಡಚಿದ ಕಂಬಳಿ ಕೊಟ್ಟು, ಅದರ ಮೇಲೆ ಪಟ್ಟಿ ಎಳೆದು ಗಾಡಿಯ ಕೊಕ್ಕೆಗಳಿಗೆ ಬಿಗಿದಳು. ಪಾಲಿಶಿಗೆ ಪಟ್ಟಿ ಸೋಕಲೇ ಇಲ್ಲ. ಮಾವನನ್ನು ಮುಂದೆ ಕೂರಿಸಿ ಬೆಲ್ಟ್ ಹಾಕಿದಾಗ ಅವರು ಕೇಳಿದರು: "ನನಗ್ಯಾಕಮ್ಮ ಇದು? ನಾನೇನು ಬೀರುವಾ?"

"ಹಠ ನಿಮಗೂ ಇದೆಯಲ್ಲ ತಾತ."

ಆ ದಿನ ಬೀರು ಒಂದು ಗೀರೂ ಇಲ್ಲದೆ ತಲುಪಿತು. ಮಾವನೂ ಅಷ್ಟೇ.

ಇದನ್ನು ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಸಾಮಾನೂ ಎಂದಾದರೂ ಗಾಡಿ ಹತ್ತುತ್ತದೆ. ಅದನ್ನು ಅಲ್ಲಾಡದ ಹಾಗೆ ಕಟ್ಟಿ. ಹಿಡಿದುಕೊಳ್ಳಲು ಯಾರನ್ನೂ ಹಿಂದೆ ಹತ್ತಿಸಬೇಡಿ. ಮುಂದೆ ಕೂತವರು, ಹತ್ತಿರದ ಊರಿಗಾದರೂ ಸರಿ, ಬೆಲ್ಟ್ ಹಾಕಿಕೊಳ್ಳಿ. ಅನುಮಾನ ಪಡಬೇಕೆಂದರೆ ಕಟ್ಟದ ಸಾಮಾನಿನ ಮೇಲೆ ಪಡಿ. ನಾವು ಒಬ್ಬ ಹೆಣ್ಣುಮಗಳ ಮೇಲೆ ಅನುಮಾನಪಟ್ಟು, ನಮ್ಮ ಮಾವನನ್ನೇ ಆ ಸಂದಿಯಲ್ಲಿ ಕೂರಿಸಿದ್ದೆವು.