ಸೆನ್ಸರಿನ ಹಣೆ

ಶಿವಣ್ಣನ ಪುರಿಭಟ್ಟಿಯಲ್ಲಿ ಸೆನ್ಸರುಗಳು ಬಾಳುತ್ತಿರಲಿಲ್ಲ.

ಕೆ.ಆರ್. ನಗರ ಮುಗಿದು ಗದ್ದೆ ಶುರುವಾಗುವ ಕಡೆ ಅವನ ಭಟ್ಟಿ. ಹುರಿಯುವ ಡ್ರಮ್ಮಿನಿಂದ ಕಡ್ಲೆಪುರಿ ಉದುರಿ ಪಕ್ಕದ ದೊಡ್ಡ ತಗಡಿನ ಆಲಿಕೆಗೆ ಬೀಳುತ್ತದೆ. ಅದಕ್ಕೆ ಹಾಪರ್ ಅನ್ನುತ್ತಾರೆ. ಅದು ತುಂಬಿದ ಕೂಡಲೇ ಡ್ರಮ್ಮಿಗೆ ಅಕ್ಕಿ ಹೋಗುವುದು ನಿಲ್ಲಬೇಕು. ತುಂಬಿತು ಅಂತ ಹೇಳುವುದು ಸೆನ್ಸರಿನ ಕೆಲಸ. ಮೊದಲು ಹಾಕಿಸಿದ ಸೆನ್ಸರು ಬಿಸಿಗೆ ಮೇಣದ ಹಾಗೆ ಬಾಗಿಹೋಯಿತು. ಆಮೇಲೆ ತಂದದ್ದಕ್ಕೆ ಧೂಳು ಕೂತು ಕಣ್ಣು ಮುಚ್ಚಿತು. ಹಾಪರ್ ತುಂಬಿ ಹೊರಚೆಲ್ಲಿದರೂ ಅದು ‘ಇನ್ನೂ ತುಂಬಿಲ್ಲ’ ಅನ್ನುತ್ತಲೇ ಇತ್ತು. ಅವತ್ತು ಭಟ್ಟಿಯೊಳಗೆ ಮಂಡಿಯುದ್ದ ಪುರಿ, ಅದರ ಮೇಲೆ ಅಕ್ಕಪಕ್ಕದ ಮನೆಗಳ ಕೋಳಿಗಳೆಲ್ಲ.

ಇಷ್ಟಾದ ಮೇಲೆ ಬಂದವಳು ಪವಿತ್ರ. ಮೈಸೂರಿನ ಫ್ಯಾಕ್ಟರಿ ಕೆಲಸ ಬಿಟ್ಟು ಹುಣಸೂರಿನಲ್ಲಿ ಸ್ವಂತಕ್ಕೆ ಮೋಟರು, ಮೆಷಿನ್ನುಗಳ ಸ್ವಿಚ್ ಪ್ಯಾನೆಲ್ ಕಟ್ಟುವ ಅಂಗಡಿ ಇಟ್ಟಿದ್ದಳು. ಇಲ್ಲಿಯವರೆಗೆ ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಗಳೇ ಅವಳ ವ್ಯಾಪಾರ. ತಾನೇ ನಡೆಯುವ ಮೆಷಿನ್ನಿನ ಕೆಲಸ ಸಿಕ್ಕಿದ್ದು ಇದೇ ಮೊದಲು.

“ನಮ್ ಭಟ್ಟೀಲಿ ಕಣ್ಣು ಬುಟ್ಕೊಂಡು ನೋಡೋರು ಯಾರೂ ಉಳಿಯಕ್ಕಿಲ್ಲ ಕಣಮ್ಮ,” ಅಂದ ಶಿವಣ್ಣ. “ನನ್ನೇ ನೋಡು, ಕನ್ನಡಕ ಬಂದದೆ.”

“ಅದಕ್ಕೇ ಅಣ್ಣ, ಕಣ್ಣು ಒಂದ್ಕಡೆ, ತಲೆ ಒಂದ್ಕಡೆ ಇಡಾಣ.”

ಹಾಗಂದು ಪವಿತ್ರ ಜಗಲಿಯ ಮೇಲೆ ಚೀಲ ಬಿಚ್ಚಿ ನಮೂನೆಗಳನ್ನೆಲ್ಲ ಹರವಿದಳು. ಬಳೆಗಾರ ಬಂದಿದ್ದಾನೇನೋ ಅನ್ನುವ ಹಾಗೆ ಶಿವಣ್ಣನ ತಾಯಿ ಚಿಕ್ಕಬೀರಮ್ಮ ಬಂದು ಎದುರಿಗೆ ಕೂತರು.

“ಇದೇನವ್ವ, ವೈರಾ?”

“ವೈರಲ್ಲ ಅಜ್ಜಿ, ಒಳಗೆ ಕರೆಂಟಿಲ್ಲ. ಬೆಳಕು ಹರಿಯೋ ದಾರ, ಆಪ್ಟಿಕಲ್ ಫೈಬರ್ ಅಂತಾರೆ. ಯೋಚ್ನೆ ಮಾಡೋ ಡಬ್ಬ ದೂರ್ದಲ್ಲಿ ತಣ್ಣಗೆ ಕೂತಿರ್ತದೆ. ಬಿಸಿ ಹತ್ರ ಹೋಗೋದು ಈ ದಾರದ ತುದಿ ಮಾತ್ರ. ಇದೇ ಅದರ ಕಣ್ಣು.”

“ನಮ್ ಶಿವಣ್ಣನಂಗೆ ಅನ್ನು. ತಾನು ನೆಳ್ಳಲ್ಲಿ ಕೂತು ಭಟ್ಟಿ ಮುಂದುಕ್ಕೆ ಬೇರೆಯೋರ್ನ ಕಳುಸ್ತಾನೆ.”

ಶಿವಣ್ಣ ಕೇಳಿಸದವನ ಹಾಗೆ ಮುಖ ಆ ಕಡೆ ಮಾಡಿಕೊಂಡ.

ದಾರಗಳಲ್ಲಿ ಎರಡು ಜಾತಿ. ಪ್ಲಾಸ್ಟಿಕ್ಕಿನದು ಹೇಗೆ ಬಗ್ಗಿಸಿದರೂ ಬಗ್ಗುತ್ತದೆ, ಆದರೆ ಬಿಸಿ ತಡೆಯುವುದಿಲ್ಲ. ಗಾಜಿನದಕ್ಕೆ ಉಕ್ಕಿನ ಕವಚ ತೊಡಿಸಿದರೆ ಬಿಸಿಗೆ ಜಗ್ಗುವುದಿಲ್ಲ, ಆದರೆ ತಿರುವಿನಲ್ಲಿ ಜೋರಾಗಿ ಬಗ್ಗಿಸಿದರೆ ಒಳಗೇ ಬಿರುಕು. ಕಣ್ಣಿನಲ್ಲೂ ಎರಡು ಬಗೆ. ಒಂಟಿ ತುದಿಯದು ತಾನೇ ಬೆಳಕು ಬಿಟ್ಟು, ವಸ್ತುವಿಗೆ ತಾಗಿ ಮರಳಿ ಬಂದದ್ದನ್ನು ನೋಡುತ್ತದೆ. ಜೋಡಿಯದರಲ್ಲಿ ಆ ಕಡೆಯದು ಬೆಳಕು ಕಳಿಸುತ್ತದೆ, ಈ ಕಡೆಯದು ಕಾಯುತ್ತದೆ. ನಡುವೆ ಪುರಿ ಬಂದು ಬೆಳಕು ಅಡ್ಡಗಟ್ಟಿದರೆ ಹಾಪರ್ ತುಂಬಿತು ಅಂತ ಲೆಕ್ಕ. ಒಂದಿಷ್ಟು ಧೂಳು ಕೂತರೂ ಜೋಡಿಯ ಬೆಳಕು ತೂರಿಕೊಂಡು ಹೋಗುತ್ತದೆ.

“ಜೋಡೀದೇ ಇರ್ಲಿ,” ಅಂದರು ಚಿಕ್ಕಬೀರಮ್ಮ, ಕೇಳುವ ಮೊದಲೇ. “ಒಂಟಿ ಪಾಪ, ತನ್ನ ಮಾತು ತಾನೇ ಕೇಳ್ಕೊಂಡು ಕೂತಿರ್ತದೆ.”

ಪವಿತ್ರ ಗಾಜಿನ ಜೋಡಿಯನ್ನೇ ಆರಿಸಿದಳು. ಗುರುವಾರ ಸಂಜೆ ಹಾಪರಿನ ಬಾಯೊಳಗೆ ಎದುರುಬದುರು ಕೂರಿಸಿ ಓಡಿಸಿ ನೋಡಿದರೆ ಎಲ್ಲ ಸರಿಯಾಗಿತ್ತು. ಡ್ರಮ್ಮಿನ ಪಕ್ಕದ ತಿರುವಿನಲ್ಲಿ ಮಾತ್ರ ದಾರವನ್ನು ಸ್ವಲ್ಪ ಹೆಚ್ಚೇ ಬಗ್ಗಿಸಿದೆನೇನೋ ಅಂತ ಅವಳಿಗೆ ಒಳಗೊಳಗೇ ಅಳುಕು.

ಮಾರನೆಯ ಬೆಳಿಗ್ಗೆ ಅವಳು ಬರುವ ಹೊತ್ತಿಗೆ ಪಿರಿಯಾಪಟ್ಟಣದಿಂದ ನೀಲಕಂಠಸ್ವಾಮಿ ಬಂದು ಕಾಫಿ ಕುಡಿಯುತ್ತಿದ್ದರು. ಅವರದೂ ಪುರಿಭಟ್ಟಿ. ಇಲ್ಲಿ ನಡೆದರೆ ತಮ್ಮಲ್ಲೂ ಹಾಕಿಸುವ ಮನಸ್ಸು. ನಡೆಯದಿದ್ದರೆ ಆ ಸುದ್ದಿ ಅವರ ಜೊತೆ ಪಿರಿಯಾಪಟ್ಟಣದವರೆಗೂ ಹೋಗುತ್ತದೆ, ಪವಿತ್ರ ಮತ್ತೆ ಸ್ಟಾರ್ಟರ್ ಡಬ್ಬಗಳಿಗೇ ವಾಪಸ್ಸು.

ಅವಳು ಗುಂಡಿ ಒತ್ತಿದಳು. ಡ್ರಮ್ಮು ತಿರುಗಿತು, ಅಕ್ಕಿ ಬೀಳಲಿಲ್ಲ. ‘ತುಂಬಿದೆ’ ಅನ್ನುವ ಕೆಂಪು ದೀಪ ಮಾತ್ರ ಹತ್ತಿತು. ಹಾಪರಿನಲ್ಲಿ ಒಂದು ಕಾಳು ಪುರಿಯೂ ಇರಲಿಲ್ಲ.

“ತುಂಬೈತಂತೆ,” ಅಂದರು ನೀಲಕಂಠಸ್ವಾಮಿ. “ಇದುಕ್ಕೂ ನಿಮ್ಮವ್ವ ಬೆಳಿಗ್ಗೇನೇ ತಿಂಡಿ ಕೊಟ್ಟವ್ರೇನೋ ಶಿವಣ್ಣ.”

ಪವಿತ್ರ ಸೆನ್ಸರಿನ ಡಬ್ಬದ ಮೇಲಿನ ಅಂಕಿ ನೋಡಿದಳು. ಆ ಕಡೆಯ ಬೆಳಕು ಈ ಕಡೆಗೆ ಬರುತ್ತಲೇ ಇಲ್ಲ. ಗಾಜು ಬಿರುಕು ಬಿಟ್ಟಿದೆ, ತಿರುವಿನಲ್ಲೇ ಬಿಟ್ಟಿದೆ, ಆಯ್ಕೆಯೇ ತಪ್ಪಾಯಿತು ಅಂದುಕೊಂಡಳು. ಏಣಿ ಹತ್ತಿ ಹಾಪರಿನ ಬಾಯೊಳಗೆ ಟಾರ್ಚ್ ಬಿಟ್ಟಳು.

ಎರಡು ಕಣ್ಣಿನ ಮೇಲೂ ಅರಿಸಿನ ಕಲಸಿದ ಕುಂಕುಮ, ಅಚ್ಚುಕಟ್ಟಾಗಿ, ದುಂಡಗೆ. ಒಂದರ ಮೇಲೆ ಅಕ್ಷತೆಯ ಕಾಳೂ ಅಂಟಿಕೊಂಡಿತ್ತು.

ಪವಿತ್ರ ಏಣಿಯ ಮೇಲಿಂದ ಕೆಳಗೆ ಬಗ್ಗಿ ನೋಡಿದಳು. ದಾರ ಬಿರುಕು ಬಿಟ್ಟಿಲ್ಲ ಅನ್ನುವ ನೆಮ್ಮದಿಗೆ ನಗು ಬಂತು, ನಗುವುದಕ್ಕೆ ಭಯವೂ ಆಯಿತು.

“ಅಜ್ಜಿ, ಈ ಕಣ್ಗಳಿಗೂ ಪೂಜೆ ಮಾಡುದ್ರಾ?”

“ಶುಕ್ರವಾರ ಅಲ್ವಾ? ಡ್ರಮ್ಮಿಗಿಟ್ಟೆ, ಮೋಟ್ರಿಗಿಟ್ಟೆ. ಹೊಸದಕ್ಕೆ ಇಡ್ದೆ ಹೋದ್ರೆ ಬೇಜಾರು ಮಾಡ್ಕೊಳಕ್ಕಿಲ್ವಾ? ಹಿಂದಿನವ್ಕೆ ನಾನು ಬೊಟ್ಟಿಟ್ಟಿರ್ಲಿಲ್ಲ, ಅದುಕ್ಕೇ ಬಾಳ್ನಿಲ್ಲ ಅವು.”

“ಅವ್ವೋ, ಏಣಿ ಹತ್ತುದ್ಯಾ ನೀನು?” ಶಿವಣ್ಣ ತಲೆಯ ಮೇಲೆ ಕೈಯಿಟ್ಟುಕೊಂಡ.

“ಇನ್ನೇನ್ಲಾ ಮಾಡ್ಲಿ, ನೀನು ಹತ್ತೋವರ್ಗೂ ಕಾಯಕ್ಕಾದದಾ?”

“ಕಣ್ಣಿಗೆ ಯಾರಾದ್ರೂ ಕುಂಕುಮ ಇಡ್ತಾರಾ ಅವ್ವ?”

ಚಿಕ್ಕಬೀರಮ್ಮ ಮಗನನ್ನು ಬಿಟ್ಟು ಪವಿತ್ರಳ ಕಡೆ ತಿರುಗಿದರು. “ಅವತ್ತು ಜಗಲೀಲಿ ಕೂತು ಇದು ಕಣ್ಣು, ಇದು ತಲೆ ಅಂತ ಎಲ್ಲಾ ತೋರಿಸ್ದೆ. ಹಣೆ ಎಲ್ಲದೆ ಅಂತ ತೋರಿಸ್ದ್ಯಾ ಕೂಸು?”

ನೀಲಕಂಠಸ್ವಾಮಿ ನಕ್ಕ ರಭಸಕ್ಕೆ ಕಾಫಿ ಪಂಚೆಗೆ ಚೆಲ್ಲಿತು. ಪವಿತ್ರ ಕಣ್ಣೆರಡನ್ನೂ ಒರೆಸಿದಳು. ದೀಪ ಆರಿತು, ಅಕ್ಕಿ ಬಿತ್ತು, ಪುರಿ ಅರಳಿ ಹಾಪರ್ ತುಂಬಿದ ಕೂಡಲೇ ಅಕ್ಕಿ ತಾನಾಗಿಯೇ ನಿಂತಿತು. ಶಿವಣ್ಣ ಗೆದ್ದವನ ಹಾಗೆ ಎಲ್ಲರ ಮುಖ ನೋಡಿದ.

ನೀಲಕಂಠಸ್ವಾಮಿ ಪಂಚೆ ಒರೆಸಿಕೊಳ್ಳುತ್ತ ಮೆಲ್ಲಗೆ ಕೇಳಿದರು: “ಇವತ್ತೇನೋ ಸರಿಯಾಯ್ತು. ಮುಂದಿನ ಶುಕ್ರವಾರ? ನಮ್ಮನೇಲಿ ಅವ್ವ, ಅತ್ತೆ, ಹೆಂಡ್ತಿ, ಮೂರು ಜನ ಬೊಟ್ಟಿಡೋರು. ಬ್ಯಾಡಿ ಅನ್ನೋ ಧೈರ್ಯ ನನಗಿಲ್ಲ ಕಣವ್ವ.”

ತಮಾಷೆಯ ಮಾತೇ ಆದರೂ ಸುಳ್ಳಲ್ಲ. ಬಿಸಿ ನೋಡಿ ಆರಿಸಿದ್ದಳು, ಧೂಳು ನೋಡಿ ಆರಿಸಿದ್ದಳು. ಮನೆಯವರ ಬೆರಳು ಅವಳ ಲೆಕ್ಕದಲ್ಲಿ ಇರಲೇ ಇಲ್ಲ.

“ಅಣ್ಣ, ಒಂದು ಹಳೇ ತಗಡು ಕೊಡಿ. ಸಣ್ಣ ಪೈಪ್ ತುಂಡು ಇದ್ರೆ ಅದೂ ಬೇಕು.”

ಅಜ್ಜಿಯ ಬೆರಳು ತೂರದಷ್ಟು ಸಣ್ಣ ಪೈಪಿನ ಒಳಕ್ಕೆ ಒಂದೊಂದು ಕಣ್ಣನ್ನೂ ಹಿಂದೆ ಸರಿಸಿ ಕೂರಿಸಿದಳು. ಇನ್ನು ಧೂಳು ಕೂರುವುದೂ ಕಡಿಮೆ. ಆಮೇಲೆ ತಗಡನ್ನು ಅಂಗೈಯಗಲ ಕತ್ತರಿಸಿ, ಅಂಚು ಮಡಚಿ, ಏಣಿ ಹತ್ತದೆ ಕೈಗೆ ಎಟಕುವ ಹಾಗೆ ಹಾಪರಿನ ಹೊರಮೈಗೆ ತಿರುಪು ಹಾಕಿ ಕೂರಿಸಿದಳು. ಹಾಪರ್ ಖಾಲಿ ಮಾಡಿಸಿ ಮೆಷಿನ್ ಮತ್ತೆ ಓಡಿಸಿದಳು.

“ಇದು ಹಣೆ ಅಜ್ಜಿ.”

ಚಿಕ್ಕಬೀರಮ್ಮ ತಗಡನ್ನು ಸವರಿ ನೋಡಿದರು. “ಅಗ್ಲವಾಗದೆ. ಅದೃಷ್ಟದ ಹಣೆ.” ಬಟ್ಟಲು ತಂದು, ಮೆಷಿನ್ ಓಡುತ್ತಿರುವಾಗಲೇ ಒಂದು ದೊಡ್ಡ ಬೊಟ್ಟಿಟ್ಟರು. ಪವಿತ್ರ ದೀಪವನ್ನೇ ನೋಡುತ್ತಿದ್ದಳು. ಅದು ಮಿಟುಕಲೂ ಇಲ್ಲ, ಪುರಿ ಬೀಳುತ್ತಲೇ ಇತ್ತು.

ನೀಲಕಂಠಸ್ವಾಮಿ ಎದ್ದು ಪಂಚೆ ಕೊಡವಿದರು. “ಸೋಮವಾರ ಪಿರಿಯಾಪಟ್ಟಣಕ್ಕೆ ಬಾರವ್ವ, ಅಳತೆ ತಕೊಂಡೋಗು. ನಮ್ಗೂ ಇದೇ ಗಾಜಿನ ಜೋಡಿ ಇರ್ಲಿ. ಹಣೆ ಮಾತ್ರ ಮೂರು ಹಾಕು. ಒಂದೇ ಹಣೆ ಆದ್ರೆ ಮೊದ್ಲು ಯಾರು ಇಡೋದು ಅಂತ ಭಟ್ಟಿ ನಿಂತೋಯ್ತದೆ.”

ಪವಿತ್ರ ಚೀಲ ಕಟ್ಟಿ ಸ್ಕೂಟರಿನ ಹತ್ತಿರ ಹೋದಾಗ ಚಿಕ್ಕಬೀರಮ್ಮ ಕುಂಕುಮದ ಬಟ್ಟಲು ಹಿಡಿದು ಹಿಂದೆಯೇ ಬಂದರು.

“ನಿಂತ್ಕೊ ಕೂಸು, ಬರೀ ಹಣೇಲಿ ಹೋಗ್ಬ್ಯಾಡ.”

ಪವಿತ್ರ ಎರಡು ಕಣ್ಣನ್ನೂ ಬಿಗಿಯಾಗಿ ಮುಚ್ಚಿಕೊಂಡಳು.

“ಹೆದ್ರುಬ್ಯಾಡ ಬುಡು,” ಅಂದರು ಅಜ್ಜಿ. “ನಿನ್ ಹಣೆ ಎಲ್ಲದೆ ಅಂತ ನಂಗೆ ಗೊತ್ತು.”