ಕಟ್ಟೆಯ ಮೇಲೆ ಹಿಪ್ಪೆ ಎಣ್ಣೆ

ಬಿಸಿಲು ಕಟ್ಟೆಗೆ ಏರುವ ಹೊತ್ತಿಗೆ ಅಮೃತವ್ವ ಹಿಪ್ಪೆ ಎಣ್ಣೆಯ ಭರಣಿಯನ್ನು ಎಲ್ಲರಿಗೂ ಕಾಣುವ ಹಾಗೆ ಹೊರಗೆ ತಂದು ಇಟ್ಟಳು. ಹಿಂದೆಯೇ ಮೊಮ್ಮಗಳು ದುರ್ಗಾ ಬಂದು ಕೆಳಗಿನ ಮೆಟ್ಟಿಲ ಮೇಲೆ ಕುಳಿತಳು. ಹುಡುಗಿಯ ತಲೆ ನೋಡಿ, ಓಣಿಯಲ್ಲಿ ನೀರಿಗೆ ಹೊರಟಿದ್ದವರ ಕಾಲು ನಿಂತವು.

ಸೊಸೆ ನೀಲಾ ಬಾಗಿಲ ಮರೆಯಲ್ಲಿ ನಿಂತು ಪಿಸುಗುಟ್ಟಿದಳು. "ಅತ್ತಿ, ಒಳಗ ಕದಾ ಹಾಕ್ಕೊಂಡು ಮಾಡೂಣು. ಮಂದಿ ನೋಡಾಕತ್ತಾರ."

"ನೋಡ್ಲಿ ಬಿಡವಾ. ನಾವೇನು ಕಳವು ಮಾಡಾಕತ್ತೀವೇನು?"

ಕಾರ್ತಿಕದಲ್ಲಿ ದುರ್ಗಾಳ ಮೈಮೇಲೆ ಅಮ್ಮ ಎದ್ದಿದ್ದಳು. ಮೈತುಂಬ ಗುಳ್ಳೆ, ಸುಡುವ ಜ್ವರ. ಅಮ್ಮ ಇರುವ ಮನೆಯಲ್ಲಿ ತಲೆಗೆ ಎಣ್ಣೆ ಮುಟ್ಟಿಸುವುದಿಲ್ಲ, ಬಾಚಲು ಹಣಿಗೆ ಆಡಿಸುವುದಿಲ್ಲ, ಒಗ್ಗರಣೆಯನ್ನು ಕೂಡ ಹಾಕುವುದಿಲ್ಲ. ಬೇವಿನ ಸೊಪ್ಪಿನ ಮೇಲೆ ಹುಡುಗಿ ಹೊರಳಾಡಿ ಹೊರಳಾಡಿ, ಗುಳ್ಳೆ ಒಣಗುವ ಹೊತ್ತಿಗೆ ಹಿಂದಲೆಯ ಕೂದಲು ಹೆಣೆದುಕೊಂಡು ಹಗ್ಗವಾಗಿತ್ತು. ಅಂದೇ ಯಾರಾದರೂ ಹಣಿಗೆ ಹಿಡಿದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅದನ್ನು ಮೊದಲು ನೋಡಿದವನು ಅಮೃತವ್ವನ ಮೈದುನ ಈಶಪ್ಪ. ನೋಡಿದವನೇ ಕೈ ಮುಗಿದ.

"ಜಡಿ ಬಂದಾವು. ಎಲ್ಲವ್ವ ಕೈ ಇಟ್ಟಾಳ."

ಆಮೇಲೆ ಮನೆಯವರೇ ದಿನಾ ಆ ಗಂಟಿಗೆ ಭಂಡಾರ ಹಚ್ಚಿದರು, ನೀರು ಸೋಕಿಸದೆ ಕಾದರು. ಅರಿಷಿಣದ ಪುಡಿ ಬೆವರಿನಲ್ಲಿ ನೆನೆದು, ಒಣಗಿ, ಸಿಕ್ಕು ಕಲ್ಲಾಯಿತು.

ಜಡೆ ಬಂದ ಹುಡುಗಿಗೆ ಮುತ್ತು ಕಟ್ಟಿ ದೇವಿಗೆ ಬಿಡಬೇಕು ಎಂಬುದು ಹಿಂದಿನವರ ಮಾತು. ಬಿಟ್ಟರೆ ಶಾಲೆಯಿಲ್ಲ, ಮದುವೆಯಿಲ್ಲ. ದೇವಿಯ ಹಡಲಿಗೆ ಬುಟ್ಟಿ ಹೊತ್ತು ಮನೆಮನೆ ಬೇಡುವ ಬದುಕು. ಸರಕಾರ ಅದನ್ನು ನಿಲ್ಲಿಸಿ ಎಷ್ಟೋ ಕಾಲವಾಗಿತ್ತು. ಈಶಪ್ಪನ ಎದೆಯೊಳಗೆ ಮಾತ್ರ ನಿಂತಿರಲಿಲ್ಲ. "ಬರೂ ಹುಣ್ಣಿಮಿಗೆ ಮನಿಯಾಗ ಮುತ್ತು ಕಟ್ಟಿಬಿಡೂಣು. ಹೊರಗ ಸುದ್ದಿ ಆಗೂದು ಬ್ಯಾಡ" ಎಂದ. ದುರ್ಗಾಳ ಅಪ್ಪ ಹನಮಂತ ತನ್ನ ಕಾಕನಿಗೆ ಎಂದೂ ಎದುರಾಡಿದವನಲ್ಲ. ನೆಲ ಕೆರೆಯುತ್ತ ಕೂತ.

ಅಮೃತವ್ವ ಜೋಳ ಕೇರುತ್ತಿದ್ದ ಮೊರವನ್ನು ಕೆಳಗಿಟ್ಟಳು. "ಕೂಸಿಗೆ ಸಿಕ್ಕು ಬಿದ್ದಾವು. ಬಿಡಸತೀನಿ."

"ವೈನಿ, ಹುಚ್ಚು ಹಿಡದೈತೇನು? ನಮ್ಮ ಅಜ್ಜನ ಕಾಲಕ್ಕ ಒಬ್ಬಾವ ಮಗಳ ಜಡಿಗೆ ಕತ್ತರಿ ಹಚ್ಚಿ ರಕ್ತಾ ಕಾರಿ ಸತ್ತ. ಕತ್ತರಿ ಮುಟ್ಟಾಂಗಿಲ್ಲ."

"ಆತು, ಮುಟ್ಟೂದಿಲ್ಲ. ಎಣ್ಣಿ ಮುಟ್ಟಬಾರದಂತ ಯಾರರ ಹೇಳ್ಯಾರೇನು?"

ಅಮೃತವ್ವ ಎದ್ದು ಅವನ ಎದುರಿಗೆ ಬಂದು ನಿಂತಳು.

"ಹಂಗಾರ ಕೇಳು. ಇದು ಆಕೀದ ಆಗಿದ್ರ ನನ್ನ ಎಣ್ಣಿಗೆ ಬಿಚ್ಚಬಾರದು. ಬಿಚ್ಚಿತಂದ್ರ ನೀ ಮುತ್ತಿನ ಮಾತು ಎತ್ತಬಾರದು. ಹುಣ್ಣಿಮಿ ಮಟ ನನಗ ಬಿಡು."

ಹೊಲದ ಬದುವಿನ ಮೇಲೆ ಅವಳ ಅತ್ತೆಯ ಕಾಲದ ಹಿಪ್ಪೆ ಮರವಿತ್ತು. ಮಳೆಗಾಲದಲ್ಲಿ ಬೀಜ ಆರಿಸಿ, ಒಣಗಿಸಿ, ಲಕ್ಷ್ಮೇಶ್ವರದ ಯಮನೂರಸಾಬನ ಗಾಣಕ್ಕೆ ಕಳಿಸಿದರೆ ವರ್ಷಕ್ಕೆ ಸಾಲುವಷ್ಟು ಎಣ್ಣೆ. ಬೇಸಿಗೆಯಲ್ಲಿ ನೀರಿನಂತೆ ಹರಿಯುವ ಅದು ಚಳಿ ಬಿದ್ದೊಡನೆ ಬೆಣ್ಣೆಯಂತೆ ಹೆಪ್ಪುಗಟ್ಟುತ್ತದೆ. ಒಡೆದ ಹಿಮ್ಮಡಿಗೆ, ಬಿರಿದ ತುಟಿಗೆ, ನೊಗ ತಿಂದ ಎತ್ತಿನ ಹೆಗಲಿಗೆ ಆ ಮನೆಯಲ್ಲಿ ಅದೇ ಮದ್ದು. ವಾಸನೆಯೊಂದು ಘಾಟು. ಅದಕ್ಕೇ ಹುಡುಗಿಯರು ಅದನ್ನು ತಲೆಗೆ ಹಚ್ಚಿಕೊಳ್ಳುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು.

ಈಗ ಕಟ್ಟೆಯ ಮೇಲೆ ಕುಳಿತು, ಬೆರಳ ತುದಿಯಲ್ಲಿ ಒಂದಿಷ್ಟು ಕೆರೆದು ತೆಗೆದು, ಅಂಗೈಯಲ್ಲಿ ತಿಕ್ಕಿ, ಅದು ಕರಗುವವರೆಗೆ ಕಾದು ಅಮೃತವ್ವ ಜಡೆಯ ತುದಿಗೆ ಹಚ್ಚಿದಳು. ತುದಿಗೆ ಮಾತ್ರ. ಅವಳ ತವರು ಬೆಟಗೇರಿ. ಎಳೆಯ ವಯಸ್ಸಿನಲ್ಲಿ ನೇಕಾರರ ಮನೆಗಳಲ್ಲಿ ನೂಲು ಸುತ್ತುವ ಕೆಲಸಕ್ಕೆ ಹೋಗುತ್ತಿದ್ದಳು. ಸಿಕ್ಕಾದ ನೂಲನ್ನು ಕತ್ತರಿಸಿದರೆ ಅಲ್ಲಿ ಬೈಗುಳ ತಪ್ಪುತ್ತಿರಲಿಲ್ಲ. ಎಳೆಯಬಾರದು, ನಡುವೆ ಕೈ ಹಾಕಬಾರದು; ತುದಿಯಿಂದ ಹಿಡಿದು ಎಳೆಗೆ ಎಳೆ ದಾರಿ ಬಿಡಿಸಬೇಕು. ಆ ಕೆಲಸವನ್ನು ಕೈ ಮರೆತಿರಲಿಲ್ಲ.

ನೆರೆಮನೆಯ ಚನ್ನಮ್ಮ ಕೊಡ ಇಳಿಸಿ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಏನವಾ ಅಮೃತವ್ವ, ಎತ್ತಿನ ಹೆಗಲಿಗೆ ಹಚ್ಚೂದನ್ನ ಮಮ್ಮಗಳ ತಲಿಗೆ ಹಚ್ಚಾಕತ್ತೀದಿ?"

"ಎತ್ತಿಗೆ ನೊಗದ ಗಾಯ ಮಾಯತೈತಿ. ಇಕಿ ತಲಿಮ್ಯಾಲೂ ಒಂದು ನೊಗಾ ಇಟ್ಟೀರಲ್ಲ, ಅದಕ್ಕೂ ಹತ್ತತೈತಿ."

"ದೇವರ ಕೂಡ ಹುಡುಗಾಟ ಬ್ಯಾಡವಾ."

"ನಿನಗ ಅಂಜಿಕಿ ಆದ್ರ ಆ ಓಣ್ಯಾಗ ಹಾದು ಹೋಗು. ನೀರು ಅಲ್ಲೂ ಬರತಾವು."

ದಿನಾ ಹಾಗೇ ನಡೆಯಿತು. ಬೆಳಗಿನ ಬಿಸಿಲಿಗೆ ಎಣ್ಣೆ ಜಡೆಯೊಳಗೆ ಇಳಿಯುತ್ತಿತ್ತು. ದಬ್ಬಣದ ಮೊಂಡ ತುದಿಯಿಂದ ಮುದುಕಿ ಒಂದೊಂದೇ ಎಳೆ ಎಬ್ಬಿಸುತ್ತಿದ್ದಳು. ಹಳದಿ ಪುಡಿ ಉದುರಿ ಮೆಟ್ಟಿಲ ಮೇಲೆ ಬೀಳುತ್ತಿತ್ತು. ಓಣಿಯವರು ಅದನ್ನು ತುಳಿಯದೆ ಸುತ್ತು ಹಾಕಿ ಹೋಗುತ್ತಿದ್ದರು.

"ಆಯಿ, ನೋಯಾಕತ್ತೈತಿ."

"ನೋಯತೈತವ್ವ. ಸುಳ್ಳು ಹೇಳೂದಿಲ್ಲ ನಾನು. ಬಿಡ್ಲೇನು?"

ದುರ್ಗಾ ಮೆಟ್ಟಿಲಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು. "ಬ್ಯಾಡ. ಗಣಿತದ ಪಾಠ ಭಾಳ ಮುಂದ ಹೋಗ್ಯಾವಂತ." ಆಮೇಲೆ ಮೂಗು ಮುಚ್ಚಿಕೊಂಡು, "ಈ ವಾಸನಿಗೆ ಮಾಸ್ತರ್ರು ನನ್ನ ವರಾಂಡಾದಾಗ ಕುಂಡ್ರಸತಾರ ನೋಡು" ಎಂದಳು.

"ಕುಂಡ್ರಸಲಿ. ಅದೂ ಸಾಲ್ಯಾಗಿನ ಜಾಗಾನ."

ಹುಣ್ಣಿಮೆಯ ದಿನ ಮಧ್ಯಾಹ್ನ ಈಶಪ್ಪ ಮಂಜವ್ವನನ್ನು ಕರೆದುಕೊಂಡು ಬಂದ. ಮಂಜವ್ವ ಎಳವೆಯಲ್ಲೇ ದೇವಿಗೆ ಬಿಟ್ಟ ಹೆಣ್ಣು. ಅವಳ ಜಡೆ ಸೊಂಟ ದಾಟಿತ್ತು. ಹೆಗಲ ಜೋಳಿಗೆಯಲ್ಲಿ ಕಟ್ಟಬೇಕಾದ ಮುತ್ತು ಇದ್ದವು. ದುರ್ಗಾಳ ಕೂದಲು ಅಷ್ಟರಲ್ಲಿ ಬೆನ್ನ ಮೇಲೆ ಹರಡಿಕೊಂಡಿತ್ತು. ಆದರೆ ಕುತ್ತಿಗೆಯ ಮೇಲೆ, ಬುಡದಲ್ಲೇ, ಲಿಂಬಿಕಾಯಿಯಷ್ಟು ಗಂಟೊಂದು ಉಳಿದಿತ್ತು. ಮೂರು ದಿನದಿಂದ ಅದು ಜಗ್ಗಿರಲಿಲ್ಲ. ಅಮೃತವ್ವ ದಬ್ಬಣ ಹಿಡಿದು ಅದರ ಸುತ್ತಲೇ ತಡಕುತ್ತಿದ್ದಳು.

"ನೋಡಿದಿ ವೈನಿ? ಬುಡಕ್ಕ ಕುಂತಾಳ ಆಕಿ. ಏಳೂದಿಲ್ಲ. ಇನ್ನ ಸಾಕು, ಏಳು."

ಮೂಲೆಯಲ್ಲಿ ಸೀಗೇಕಾಯಿ ಕುಟ್ಟುತ್ತಿದ್ದ ಹನಮಂತ ಒನಕೆ ನಿಲ್ಲಿಸಿದ. "ಕಾಕಾ, ಹೊತ್ತು ಮುಳಗೂ ಮಟ ಚಂದ್ರಾಮ ಹುಟ್ಟೂದಿಲ್ಲ. ಕುಂಡ್ರರಿ."

ಈಶಪ್ಪ ಅವನನ್ನು ಹೊಸದಾಗಿ ಕಂಡವನಂತೆ ನೋಡಿದ. ಕುಳಿತ.

ಮಂಜವ್ವ ಜೋಳಿಗೆ ಇಳಿಸದೆಯೇ ಹತ್ತಿರ ಬಂದು ಗಂಟನ್ನು ಮುಟ್ಟಿದಳು. "ಕತ್ತರಿ ಹಚ್ಚೀರೇನು?"

"ಇಲ್ಲ."

"ಎಳದೀರೇನು?"

"ಇಲ್ಲವಾ. ಎಣ್ಣಿ ಅಷ್ಟ."

"ನಂಗೂ ಹಿಂಗ ಜ್ವರಾ ಬಂದಿತ್ತು." ಮಂಜವ್ವ ಮೆಟ್ಟಿಲ ಮೇಲೆ ಕುಳಿತು ದುರ್ಗಾಳ ಹಣೆಯನ್ನು ಎರಡೂ ಕೈಯಲ್ಲಿ ಅಲುಗದಂತೆ ಹಿಡಿದಳು. "ನಮ್ಮ ಮನ್ಯಾಗ ಯಾರೂ ಹಣಿಗಿ ತರಲಿಲ್ಲ. ಹೂಂ, ಬಿಡಸು ನೀ."

ಈಶಪ್ಪನ ದನಿ ಏರಿತು. "ನಾ ನಿನ್ನ ಕರಕೊಂಡು ಬಂದದ್ದು ಯಾತಕ್ಕ?"

"ಆಕಿ ಸಿಟ್ಟಾಗ್ಯಾಳಂತ ಹೇಳಾಕ. ನಂಗೇನೂ ಕೇಳಸವಲ್ದು, ಈಶಪ್ಪ. ಆಕಿ ಸಿಟ್ಟು ನಾ ಕಂಡಷ್ಟು ನೀ ಕಂಡಿಲ್ಲ."

ಅಮೃತವ್ವ ಅಂಗೈ ತುಂಬ ಎಣ್ಣೆ ಕರಗಿಸಿ ಗಂಟಿಗೆ ಕುಡಿಸಿದಳು. ಬಿಸಿಲು ಗೋಡೆ ಹತ್ತುವವರೆಗೆ ಕುಡಿಸಿದಳು. ಆಮೇಲೆ ದಬ್ಬಣ ಒಳಗೆ ಹೋಯಿತು. ಏನೋ ಗಟ್ಟಿಯಾದದ್ದು ತಾಗಿತು. ಅವಳು ಅದಕ್ಕೆ ಸುತ್ತಿದ್ದ ಎಳೆಗಳನ್ನು ಒಂದೊಂದಾಗಿ ಅತ್ತಿತ್ತ ಸರಿಸಿ, ಅದನ್ನು ಹೊರಗೆ ಜಾರಿಸಿದಳು. ಬೇವಿನ ಕಡ್ಡಿ. ಜ್ವರದ ಹಾಸಿಗೆಯದು, ಬೆರಳಿನ ಒಂದು ಗೆಣ್ಣಿನಷ್ಟು. ಅದು ಬಂದದ್ದೇ ಗಂಟು ಸಡಿಲಾಗಿ ಕೈಯಲ್ಲಿ ಹರಡಿತು.

ಅಮೃತವ್ವ ಎದ್ದು ಹೋಗಿ ಕಡ್ಡಿಯನ್ನು ಮೈದುನನ ಅಂಗೈಯಲ್ಲಿಟ್ಟಳು. "ತಗೋ. ಬುಡಕ್ಕ ಕುಂತಿದ್ದು ಇದು. ಮುತ್ತು ಇದಕ್ಕ ಕಟ್ಟು."

ಈಶಪ್ಪ ಕಡ್ಡಿಯನ್ನು ಎಸೆಯಲಿಲ್ಲ, ಇಟ್ಟುಕೊಳ್ಳಲೂ ಇಲ್ಲ. ಕೈ ಚಾಚಿಕೊಂಡೇ ಕೂತ.

ಹನಮಂತ ಬಿಸಿನೀರು ತಂದ. ನೀಲಾ ಈ ಸಲ ಬಾಗಿಲ ಮರೆಯಲ್ಲಿ ನಿಲ್ಲಲಿಲ್ಲ. ಹೊರಗೆ ಬಂದು ಓಣಿಯ ಎದುರಿಗೇ ಮಗಳ ತಲೆ ತೊಳೆದಳು. ಕಾಲುವಾಸಿ ಕೂದಲು ಉದುರಿ ಹೋಗಿತ್ತು. ಉಳಿದದ್ದು ಕರ್ರಗೆ ಮಿಂಚಿತು.

ಅಮೃತವ್ವ ಮಂಜವ್ವನ ಕಡೆ ಭರಣಿ ಸರಿಸಿದಳು. "ನಿಂದೂ?"

ಮಂಜವ್ವ ನಕ್ಕಳು. "ನಂದು ಬ್ಯಾಡವಾ. ಇದು ನನ್ನ ಅನ್ನ." ಬಿಚ್ಚದ ಜೋಳಿಗೆಯೊಂದಿಗೇ ಎದ್ದಳು. ಹೋಗುವ ಮುಂಚೆ ಒಂದು ಬೆರಳು ಎಣ್ಣೆ ತೆಗೆದುಕೊಂಡು ಬಿರಿದ ಹಿಮ್ಮಡಿಗೆ ತಿಕ್ಕಿಕೊಂಡಳು.

ಮರುದಿನ ದುರ್ಗಾ ಎರಡು ಹೆರಳು ಹಾಕಿಸಿಕೊಂಡು, ಕೆಂಪು ರಿಬ್ಬನ್ ಕಟ್ಟಿಸಿಕೊಂಡು, ಈಶಪ್ಪಜ್ಜನ ಮನೆಯ ಮುಂದಿನಿಂದಲೇ ಶಾಲೆಗೆ ಹೋದಳು. ಹಿಪ್ಪೆಯ ಘಾಟು ಓಣಿಯ ಕೊನೆಯವರೆಗೆ ಅವಳ ಹಿಂದೆ ಹೋಯಿತು.

"ಭರಣಿ ಒಳಗ ಇಡ್ಲೇನು ಅತ್ತಿ?" ನೀಲಾ ಕೇಳಿದಳು.

"ಇರ್ಲಿ ಅಲ್ಲೇ" ಎಂದಳು ಅಮೃತವ್ವ. "ಊರಾಗ ಇನ್ನೂ ಕೂಸು ಅದಾವು. ಯಾರ ತಲಿಗೆ ಬೇಕಾಗತೈತೋ, ಬಂದು ಕೇಳಲಿ. ಹಗಲಿನ್ಯಾಗ."