ಮುಟ್ಟಳ್ಳಿ ಶಾಖೆಯ ವಾಯರು

ಸುಚಿತಾಳ ಪ್ರಕಾರ ಜಗತ್ತಿನಲ್ಲಿ ಇರುವುದು ಎರಡೇ ಜಾತಿ. ಕಂಪ್ಯೂಟರ್ ಬಲ್ಲವರದು ಒಂದು, ಅದಕ್ಕೆ ಪ್ಲಾಸ್ಟಿಕ್ ಹೊದಿಸಿ ಕುಂಕುಮ ಹಚ್ಚುವವರದು ಇನ್ನೊಂದು. ಕುಮಟಾದ ಪತ್ತಿನ ಸಂಘದ ಮುಖ್ಯ ಕಚೇರಿಯಲ್ಲಿ ಮೊದಲ ಜಾತಿಯವಳು ತಾನೊಬ್ಬಳೇ ಎಂಬುದು ಅವಳ ನಂಬಿಕೆ. ಭಟ್ಕಳದವರೆಗೆ ಹರಡಿದ್ದ ಹನ್ನೊಂದು ಶಾಖೆಗಳವರು ಎಂಥವರೆಂದರೆ, ಪಾಸ್‌ವರ್ಡ್ ಮರೆಯಬಾರದೆಂದು ಗೋಡೆಯ ಮೇಲೆ ಬರೆದಿಡುವ ಮಹಾನುಭಾವರು. ಅವರೊಂದಿಗೆ ಫೋನಿನಲ್ಲಿ ಮಾತಾಡಿದ ದಿನ ಅವಳಿಗೆ ಊಟ ರುಚಿಸುತ್ತಿರಲಿಲ್ಲ.

ಸಂಘದ ನಲವತ್ತು ಕಂಪ್ಯೂಟರುಗಳ ಆಪರೇಟಿಂಗ್ ಸಿಸ್ಟಂ ಹಳತಾಗಿತ್ತು. ಮೊದಲಾದರೆ ಪೆನ್‌ಡ್ರೈವ್ ಹಿಡಿದು ಶಾಖೆಯಿಂದ ಶಾಖೆಗೆ ಬಸ್ಸಿನಲ್ಲಿ ಅಲೆಯಬೇಕಿತ್ತು. ಸುಚಿತಾ ಅದಕ್ಕೊಂದು ಪ್ರೋಗ್ರಾಂ ಬರೆದಳು. ಕುಮಟಾದಲ್ಲಿ ಕೂತು ಗುಂಡಿ ಒತ್ತಿದರೆ ಸಾಕು, ದೂರದ ಕಂಪ್ಯೂಟರ್ ತಾನೇ ಎದ್ದು ಹಳೆಯದನ್ನು ಅಳಿಸಿ, ಹೊಸದನ್ನು ವಾಯರಿನ ಮೂಲಕ ಎಳೆದು ಹಾಕಿಕೊಳ್ಳುತ್ತಿತ್ತು. ಶಾಖೆಯವರನ್ನು ಏನೂ ಕೇಳಬೇಕಾಗಿರಲಿಲ್ಲ, ಅವಳಿಗೆ ಅದೇ ದೊಡ್ಡ ಸುಖ.

"ನಲವತ್ತೂ ಆದ್ರೆ ನಿನ್ನ ಕೆಲಸ ಖಾಯಂ" ಎಂದಿದ್ದರು ಅಧ್ಯಕ್ಷ ಕಮಲಾಕರ. "ನಿನ್ನ ತಪ್ಪಿಂದ ಒಂದು ನಿಂತ್ರೂ ಹುಬ್ಬಳ್ಳಿ ಕಂಪನಿಗೆ ಕೊಟ್ಬಿಡೂದು, ನೋಡು." ಆರು ವರ್ಷದಿಂದ ಗುತ್ತಿಗೆಯಲ್ಲೇ ಕೊಳೆಯುತ್ತಿದ್ದವಳಿಗೆ ಇದಕ್ಕಿಂತ ದೊಡ್ಡದು ಬೇರೆ ಇರಲಿಲ್ಲ.

ಮೇ ತಿಂಗಳ ಶನಿವಾರ ಮಧ್ಯಾಹ್ನ ಗುಂಡಿ ಒತ್ತಿದಳು. ನಾಲ್ಕು ಗಂಟೆಯೊಳಗೆ ಮೂವತ್ತೊಂಬತ್ತು ಮುಗಿದವು. ಭಟ್ಕಳದ ಹತ್ತಿರದ ಮುಟ್ಟಳ್ಳಿ ಶಾಖೆಯಲ್ಲಿದ್ದದ್ದು ಒಂದೇ ಒಂದು, ಅದು ಅರ್ಧಕ್ಕೆ ನಿಂತಿತು. ಫೋನು ಎತ್ತಿದವನು ಅಲ್ಲಿನ ಜವಾನ ಬೀರ.

"ಗುಡುಗು ಬಂತು ಮೇಡಂ, ಎಲ್ಲಾ ವಾಯರು ಕಿತ್ತಿಟ್ಟೆ."

"ಯಾರನ್ನ ಕೇಳಿ ಕಿತ್ರಿ?"

"ಗುಡುಗು ಬಂದಾಗ ಎಂತ ಕೇಳೂದು?"

ಸುಚಿತಾ ಭಟ್ಕಳದ ಬಸ್ಸು ಹತ್ತಿದಳು. ಹೊನ್ನಾವರದ ಸೇತುವೆ ಬರುವಷ್ಟರಲ್ಲಿ ಕಮಲಾಕರರಿಗೆ ಫೋನು ಮಾಡಿ, ಜವಾನನೊಬ್ಬ ಎಲ್ಲ ಕೆಡಿಸಿದನೆಂದು ಹೇಳಿಯೂ ಆಗಿತ್ತು. ಅವನನ್ನು ತಾವು ನೋಡಿಕೊಳ್ಳುವುದಾಗಿ ಅವರು ಹೇಳಿದರು. ಅವಳಿಗೆ ಹಿತವಾಯಿತು.

ಮುಟ್ಟಳ್ಳಿಯಲ್ಲಿ ಬೀರ ಚಹಾ ತರಿಸಿಟ್ಟಿದ್ದ. ಅವಳು ಮುಟ್ಟಲಿಲ್ಲ. ಪೆನ್‌ಡ್ರೈವ್ ಸಿಕ್ಕಿಸಿ, "ಈ ಒಂದರಿಂದ ನನ್ನ ಖಾಯಂ ಆಗೂದು ತಪ್ತದೆ, ಗೊತ್ತಾ ನಿಮ್ಗೆ?" ಎಂದಳು. ಅರವತ್ತರ ಹತ್ತಿರದ ಮುದುಕ ಪೆಚ್ಚಾಗಿ ನಿಂತ. ಆಮೇಲೆ ಕಂಪ್ಯೂಟರಿನತ್ತ ಬೆರಳು ತೋರಿಸಿ ಮೆಲ್ಲಗೆ ಕೇಳಿದ.

"ಇದ್ರೊಳಗಿದ್ದ ಹಳೇದು ಎಲ್ಲಿ ಹೋತು?"

"ಅಳಿಸಿ ಹೋತು."

"ಹೊಸದು ಬರೂಕೂ ಮುಂಚೆ?"

"ಹೌದು."

"ಹೊಸ ಬಲೆ ಕೈಗೆ ಬರೂಕೆ ಮುಂಚೆ ಹಳೇ ಬಲೆ ಸುಟ್ಟಂಗಾತಲ್ಲ ಮೇಡಂ."

ಸುಚಿತಾಳ ಕೈ ನಿಂತಿತು. ಹೊಸದು ಪೂರ್ತಿ ಬಂದ ಮೇಲೆ ಹಳೆಯದನ್ನು ಅಳಿಸಿದ್ದರೆ ಬೀರ ನೂರು ಸಲ ವಾಯರು ಕಿತ್ತರೂ ಕೂದಲು ಕೊಂಕುತ್ತಿರಲಿಲ್ಲ. ಮತ್ತೆ ಸಿಕ್ಕಿಸಿದರೆ ನಿಂತಲ್ಲಿಂದ ಮುಂದುವರಿಯುತ್ತಿತ್ತು. ಈ ಕರಾವಳಿಯಲ್ಲಿ ಗುಡುಗಿದಾಗ ವಾಯರು ಕೀಳದ ಮನೆಯೇ ಇಲ್ಲ. ಹೊನ್ನಾವರದಲ್ಲಿ ಅವಳ ಅಮ್ಮ ಮೋಡ ಕಟ್ಟಿದರೆ ಸಾಕು, ಮೊದಲು ಟಿವಿಯ ವಾಯರು ಕೀಳುತ್ತಿದ್ದಳು. ಇಷ್ಟು ಗೊತ್ತಿದ್ದೂ ಮಹಾ ಬುದ್ಧಿವಂತೆ ಗುಡುಗೇ ಇಲ್ಲದ ಯಾವುದೋ ದೇಶಕ್ಕೆ ಪ್ರೋಗ್ರಾಂ ಬರೆದಿದ್ದಳು.

ಎರಡು ದಿನದಲ್ಲಿ ಅದನ್ನು ತಿದ್ದಿದಳು. ಚೆನ್ನಾಗಿಯೇ ತಿದ್ದಿದಳು. ಆಮೇಲೆ ವರದಿ ಬರೆಯಲು ಕೂತಳು. ಕಾರಣ ಎಂಬಲ್ಲಿ ಪ್ರೋಗ್ರಾಂ ದೋಷ ಎಂದು ಬರೆದರೆ ಕೆಲಸ ಹುಬ್ಬಳ್ಳಿಗೆ ಹೋಗುತ್ತದೆ. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ, 'ಜವಾನನ ಅಜ್ಞಾನ' ಎಂದು ಟೈಪು ಮಾಡಿದಳು. ಸುಧಾರಣೆ ಎಂಬಲ್ಲಿ ಬೀರ ಹೇಳಿದ್ದನ್ನೇ ದೊಡ್ಡ ದೊಡ್ಡ ಮಾತಿನಲ್ಲಿ ಬರೆದು ಕೆಳಗೆ ತನ್ನ ಹೆಸರು ಹಾಕಿದಳು. ಇಂಥವಳು ಊರವರನ್ನು ದಡ್ಡರೆನ್ನುತ್ತಿದ್ದಳು.

ಜೂನಿನಲ್ಲಿ ಅವಳ ಕೆಲಸ ಖಾಯಂ ಆಯಿತು. ಬೀರನನ್ನು ಅದಕ್ಕೂ ಮೊದಲೇ ತೆಗೆದಿದ್ದರು.

ಆಗಸ್ಟಿನಲ್ಲಿ ಶಾಖೆಯ ಕೆಲಸಕ್ಕೆಂದು ಹೋದವಳು ಭಟ್ಕಳ ಬಸ್‌ಸ್ಟ್ಯಾಂಡಿನಲ್ಲಿ ಅವನ ಕಣ್ಣಿಗೆ ಬಿದ್ದಳು. ತಪ್ಪಿಸಿಕೊಳ್ಳಲು ನೋಡಿದಳು, ಆಗಲಿಲ್ಲ. ಬೀರ ಕೊಡೆ ಮಡಚುತ್ತ ಹತ್ತಿರ ಬಂದ.

"ಖಾಯಂ ಆತಾ ತಂಗಿ?"

"ಆತು."

"ಒಳ್ಳೇದಾತು. ನನ್ನಿಂದ ನಿನ್ನ ಕೆಲಸ ಹೋತು ಅಂದ್ಕಂಡಿದ್ದೆ, ನಿದ್ದೆ ಬರ್ತಾ ಇರ್ಲಿಲ್ಲ."

ಆ ಮಾತಿನಲ್ಲಿ ಒಂದಿಷ್ಟು ಕೊಂಕು ಸಿಕ್ಕಿದ್ದರೂ ಸಾಕಿತ್ತು, ಅವನನ್ನು ತಿರಸ್ಕರಿಸಿ ಬಸ್ಸು ಹತ್ತಬಹುದಿತ್ತು. ಅವಳು ಅವನ ಮುಖದಲ್ಲಿ ಹುಡುಕಿದಳು. ಸಿಗಲಿಲ್ಲ.

"ಈಗ ಗುಡುಗಿದ್ರೂ ಮಷಿನು ಕೆಡೂದಿಲ್ವಂತೆ" ಎಂದ ಬೀರ. "ಎಷ್ಟಂದ್ರೂ ಕಲ್ತವರ ತಲೆಯೇ ತಲೆ."